ನಿಲ್ಲಿಸುವ ಅಧಿಕಾರ

ಯಂತ್ರ ಕೆಟ್ಟು ನಿಂತಾಗ ಮೆಂಟೇನೆನ್ಸ್‌ನವನಿಗೆ ಎಲ್ಲರೂ ಕೇಳುವುದು ಒಂದೇ ಮಾತು: ‘ಎಷ್ಟೊತ್ತಿಗೆ ಸ್ಟಾರ್ಟ್ ಮಾಡ್ಕೊಡ್ತೀಯಪ್ಪಾ?’ ಮೊದಲು ಸೂಪರ್‌ವೈಸರ್ ಕೇಳುತ್ತಾರೆ, ಹತ್ತು ನಿಮಿಷ ಬಿಟ್ಟು ಮ್ಯಾನೇಜರ್ ಫೋನಿನಲ್ಲಿ ಕೇಳುತ್ತಾರೆ. ಚೆನ್ನಾಗಿ ಓಡುತ್ತಿರುವ ಯಂತ್ರದ ಬಳಿ ನಿಂತು ‘ಇದನ್ನು ಯಾವತ್ತು ನಿಲ್ಲಿಸೋಣ?’ ಎಂದು ಅವನನ್ನು ಕೇಳುವವರು ಅಪರೂಪ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಬಸ್ಸು, ಬೈಕು ಹಿಡಿದು ಹಾಸನದ ಕಾರ್ಖಾನೆಗಳಿಗೆ ಶಿಫ್ಟಿಗೆ ಬರುವ ಐಟಿಐ ಹುಡುಗರನ್ನು ನೋಡಿದಾಗಲೆಲ್ಲ ಈ ಎರಡನೆಯ ಪ್ರಶ್ನೆ ನನ್ನನ್ನು ಕಾಡುತ್ತದೆ.

ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಬೇರೆ, ಫಿಟ್ಟರ್ ಬೇರೆ. ಒಂದೊಂದಕ್ಕೂ ಎರಡು ವರ್ಷದ ಓದು. ಕಾರ್ಖಾನೆಯೊಳಗೆ ಆ ಗೆರೆ ಅಳಿಸಿಹೋಗುತ್ತದೆ. ಮೋಟಾರ್ ಟ್ರಿಪ್ ಆಗುತ್ತಿದೆ ಎಂದು ಕರೆ ಬಂತು ಎನ್ನಿ. ಓವರ್‌ಲೋಡ್ ರಿಲೇ ಒತ್ತಿ ರೀಸೆಟ್ ಮಾಡಿದರೆ ಓಡುತ್ತದೆ, ಅರ್ಧ ಗಂಟೆಯಲ್ಲಿ ಮತ್ತೆ ನಿಲ್ಲುತ್ತದೆ. ಕಾಂಟ್ಯಾಕ್ಟರ್‌ನ ಒಂದು ಪಾಯಿಂಟ್ ಸುಟ್ಟು, ಮೂರು ಫೇಸಿನಲ್ಲಿ ಒಂದು ಕೈಕೊಟ್ಟಿರಬಹುದು. ಆಗ ಉಳಿದೆರಡು ಫೇಸ್‌ಗಳೇ ಲೋಡು ಎಳೆಯಬೇಕು. ಅವುಗಳಲ್ಲಿ ಕರೆಂಟ್ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟಾಗುತ್ತದೆ. ಇಲ್ಲವೇ ಕರೆಂಟಿನದೇನೂ ತಪ್ಪಿರದೆ, ಬೇರಿಂಗ್ ಹಿಡಿದುಕೊಳ್ಳುತ್ತಿರಬಹುದು, ಬೆಲ್ಟು ಅತಿಯಾಗಿ ಬಿಗಿಯಾಗಿರಬಹುದು. ಹಳಬರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಕವಚಕ್ಕೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿ ಆಲಿಸುತ್ತಾರೆ. ಗ್ರೀಸ್ ಸಾಲದೆ ಬರುವ ಸದ್ದು ಯಾವುದು, ಗುಂಡು ಸವೆದು ಬರುವ ಸದ್ದು ಯಾವುದು ಎಂದು ಅವರಿಗೆ ಗೊತ್ತು. ವರ್ಷಗಟ್ಟಲೆ ಅದೇ ಯಂತ್ರಗಳ ನಡುವೆ ಇದ್ದು ಕಲಿತ ವಿದ್ಯೆ ಅದು. ಇಷ್ಟೆಲ್ಲ ನೋಡಲು ಯಂತ್ರ ನಿಲ್ಲಬೇಕು, ಹೊತ್ತು ಬೇಕು. ಅದನ್ನು ಕೊಡದೆ ‘ಸದ್ಯಕ್ಕೆ ರೀಸೆಟ್ ಮಾಡಿ ಓಡಿಸು’ ಎಂದರೆ ಒಳಗಿನ ವೈಂಡಿಂಗ್ ಬೇಯುತ್ತಿರುತ್ತದೆ. ಮಿತಿಗಿಂತ 10 ಡಿಗ್ರಿ ಹೆಚ್ಚು ಬಿಸಿಯಾದರೆ ಇನ್ಸುಲೇಷನ್ನಿನ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎನ್ನುವುದು ಈ ಕಸುಬಿನ ಹಳೆಯ ಲೆಕ್ಕ. ಅಂದು ಉಳಿಸಿದ ಒಂದು ಗಂಟೆಗೆ ಮುಂದೆ ಮೋಟಾರ್ ರಿವೈಂಡಿಂಗಿಗೆ ಹೋದ ದಿನಗಳನ್ನೆಲ್ಲ ತೆರಬೇಕಾಗುತ್ತದೆ.

ನಿಲ್ಲಿಸುವುದಕ್ಕೆ ಕಾಲವನ್ನು ಗೊತ್ತುಮಾಡಿಕೊಂಡ ಉದ್ಯಮ ನಮ್ಮ ಜಿಲ್ಲೆಯಲ್ಲೇ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದಲ್ಲಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ಕಡಿದ ಮೇಲೆ ತಡವಾದಷ್ಟೂ ಸಕ್ಕರೆ ಅಂಶ ಇಳಿಯುತ್ತದೆ. ಹಾಗಾಗಿ ಸಕ್ಕರೆ ಉದ್ಯಮದಲ್ಲಿ ಹಂಗಾಮಿನುದ್ದಕ್ಕೂ ಹಗಲು ರಾತ್ರಿ ಅರೆಯಬೇಕು. ಹಂಗಾಮು ಮುಗಿದ ಮೇಲೆ ಗಿರಣಿಯನ್ನು ಪೂರ್ತಿ ಬಿಚ್ಚುತ್ತಾರೆ: ಸವೆದ ರೋಲರ್‌ಗಳ ಹಲ್ಲಿಗೆ ವೆಲ್ಡಿಂಗ್, ಬಾಯ್ಲರ್ ಟ್ಯೂಬುಗಳ ತಪಾಸಣೆ, ಟರ್ಬೈನಿನ ಕೆಲಸ. ಆ ತಿಂಗಳುಗಳು ಮೆಂಟೇನೆನ್ಸ್‌ನವರವು. ಹಾಲಿನ ಡೇರಿಗೆ ಅಂಥ ಅನುಕೂಲವಿಲ್ಲ. ಹಸು ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಹಾಲು ಕೊಡುತ್ತದೆ, ಹಬ್ಬದ ದಿನವೂ ಕೊಡುತ್ತದೆ. ಬಂದ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ, ಒಡನೆಯೇ 4 ಡಿಗ್ರಿಗೆ ತಣಿಸಬೇಕು. ಹಾಲು ಅಷ್ಟು ಕಾಯದಿದ್ದರೆ ಒಂದು ವಾಲ್ವು ತಾನಾಗಿಯೇ ಅದನ್ನು ಹಿಂದಕ್ಕೆ ತಿರುಗಿಸುತ್ತದೆ. ತಣಿಸುವ ಅಮೋನಿಯಾ ಕಂಪ್ರೆಸರ್ ಬಿಚ್ಚಬೇಕಾದರೆ ಪಕ್ಕದಲ್ಲಿ ಇನ್ನೊಂದು ಓಡುತ್ತಿರಬೇಕು. ಡೇರಿಗಳಲ್ಲಿ ಸ್ಟ್ಯಾಂಡ್‌ಬೈ ಯಂತ್ರಕ್ಕೆ ಹಣ ಹಾಕುವುದು ಇದಕ್ಕೇ. ನಿಲ್ಲಿಸುವ ಅಧಿಕಾರವನ್ನು ದುಡ್ಡು ಕೊಟ್ಟು ಕೊಂಡಂತೆ. ಹಂಗಾಮಿನ ಬಿಡುವೂ ಇಲ್ಲದೆ, ಸ್ಟ್ಯಾಂಡ್‌ಬೈ ಕೂಡ ಇಲ್ಲದೆ ನಡೆಯುವ ಸಣ್ಣ ಘಟಕಗಳಲ್ಲಿ, ಅದು ತೆಂಗಿನ ನಾರಿನ ಘಟಕವಿರಲಿ, ಅಕ್ಕಿ ಗಿರಣಿಯಿರಲಿ, ಯಂತ್ರದ ಮೇಲಿನ ಒತ್ತಡವೆಲ್ಲ ಒಬ್ಬ ರಿಪೇರಿಯವನ ಮೇಲೆ ಬೀಳುತ್ತದೆ.

ಅಲ್ಲಿಯೇ ಜೀವದ ಪ್ರಶ್ನೆಯೂ ಬರುತ್ತದೆ. ಕನ್ವೇಯರ್ ಒಳಗೆ ಕೈಯಿಟ್ಟು ಕೂತವನು ಪ್ಯಾನಲ್ ಬೋರ್ಡಿನ ಮುಂದೆ ನಿಂತವನಿಗೆ ಕಾಣುವುದಿಲ್ಲ. ಯಾರೋ ‘ಕೆಲಸ ಆಯ್ತೇನೋ’ ಎಂದುಕೊಂಡು ಹಸಿರು ಬಟನ್ ಒತ್ತಿದರೆ ಮುಗಿಯಿತು. ಓಡುವ ಯಂತ್ರದ ಬಳಿ ಕೆಲಸ ಮಾಡುವವನು ತರಬೇತಾದ ವಯಸ್ಕನಾಗಿರಬೇಕು, ಮೈಗೆ ಬಿಗಿಯಾದ ಉಡುಪು ತೊಟ್ಟಿರಬೇಕು, ಅವನ ಹೆಸರು ರಿಜಿಸ್ಟರಿನಲ್ಲಿರಬೇಕು ಎಂದು ನಮ್ಮ 1948ರ ಕಾರ್ಖಾನೆ ಕಾಯ್ದೆಯೇ ಬರೆದಿಟ್ಟಿತ್ತು. ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಚೀಟಿ ತೂಗಿಸುವ ಪದ್ಧತಿಯನ್ನು ಅಮೆರಿಕ 1989ರಲ್ಲಿ ನಿಯಮವಾಗಿ ಹೊರಡಿಸಿತು. ಅದರ ತಿರುಳು ಸರಳ: ರಿಪೇರಿ ಮಾಡುವವನೇ ಬೀಗ ಹಾಕುತ್ತಾನೆ, ಕೀಲಿ ಅವನ ಜೇಬಿನಲ್ಲೇ ಇರುತ್ತದೆ, ನಾಲ್ವರು ಕೆಲಸ ಮಾಡುತ್ತಿದ್ದರೆ ನಾಲ್ಕು ಬೀಗ. ನಮ್ಮ ಕರೆಂಟ್ ಲೈನಿನವರು ‘ಲೈನ್ ಕ್ಲಿಯರ್’ ಸಿಗದೆ ಕಂಬ ಹತ್ತಬಾರದು ಎನ್ನುವುದರ ಹಿಂದಿರುವುದೂ ಇದೇ ವಿವೇಕ. ಬೀಗಕ್ಕೆ ಹೆಚ್ಚು ಹಣವೇನೂ ಬೇಡ. ಬೀಗ ಬಿದ್ದಿರುವಷ್ಟು ಹೊತ್ತು ಮ್ಯಾನೇಜರ್ ಹೇಳಿದರೂ ಯಂತ್ರ ಓಡದು ಎಂಬುದನ್ನು ಒಪ್ಪಿಕೊಳ್ಳುವುದು ಕಷ್ಟ.

ಗುತ್ತಿಗೆಯ ಮೇಲೆ ಸೇರಿದ ಇಪ್ಪತ್ತೆರಡರ ಹುಡುಗ ಅದನ್ನು ಬಾಯಿಬಿಟ್ಟು ಹೇಳಬಲ್ಲನೇ? ಮುಂದಿನ ತಿಂಗಳು ತಾನು ಇಲ್ಲಿರುತ್ತೇನೋ ಇಲ್ಲವೋ ತಿಳಿಯದವನು ‘ಇವತ್ತು ನಿಲ್ಲಿಸಲೇಬೇಕು ಸಾರ್’ ಎನ್ನುವುದಿಲ್ಲ. ಬೇರಿಂಗಿನ ಸದ್ದು ಕೇಳಿಸಿದರೂ ಸುಮ್ಮನಿರುತ್ತಾನೆ. ವರ್ಷಕ್ಕೊಬ್ಬ ಅಪ್ರೆಂಟಿಸ್ ಬದಲಾಗುತ್ತಿದ್ದರೆ ಆ ಸದ್ದು ಗುರುತಿಸುವ ಕಿವಿಯೂ ಬೆಳೆಯುವುದಿಲ್ಲ. ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿಯೇ.

ಆಯುಧಪೂಜೆಯಂದು ಯಾರೂ ವಾದ ಮಾಡದೆ ಯಂತ್ರ ನಿಲ್ಲಿಸುತ್ತಾರೆ. ತೊಳೆದು, ಅರಿಶಿನ ಕುಂಕುಮವಿಟ್ಟು, ಕುಂಬಳಕಾಯಿ ಒಡೆಯುತ್ತಾರೆ. ಜಾಣ ಎಲೆಕ್ಟ್ರಿಷಿಯನ್ ಅದರ ಹಿಂದಿನ ದಿನವೇ ಪ್ಯಾನಲ್ ತೆರೆದು ದೂಳು ಊದಿ, ಸಡಿಲವಾದ ಟರ್ಮಿನಲ್‌ಗಳನ್ನು ಬಿಗಿದು, ಮೆಗ್ಗರ್ ಹಿಡಿದು ಇನ್ಸುಲೇಷನ್ ನೋಡಿರುತ್ತಾನೆ. ಅಂಥ ದಿನ ತಿಂಗಳಿಗೊಂದಾದರೂ ಬೇಕು. ತಿಂಗಳ ಉತ್ಪಾದನೆಯ ಪಟ್ಟಿ ಬರೆಯುವ ಮೇಜಿಗೆ ಮೆಂಟೇನೆನ್ಸ್‌ನವನನ್ನೂ ಕರೆಯಲಿ. ಯಾವ ಯಂತ್ರ ಯಾವ ದಿನ ಎಷ್ಟು ಗಂಟೆ ನಿಲ್ಲಬೇಕೆಂದು ಅವನೇ ಹೇಳಲಿ, ಅದು ಪಟ್ಟಿಯ ಮೊದಲ ಸಾಲಿನಲ್ಲಿ ಬರಲಿ. ಕೆಲಸಕ್ಕೆ ಸೇರಿದ ದಿನ ಸಮವಸ್ತ್ರದ ಜೊತೆಗೆ ಅವನ ಹೆಸರು ಬರೆದ ಒಂದು ಬೀಗವನ್ನೂ ಕೊಡಲಿ.