ಹೊಣೆಯನ್ನು ಅಧಿಕಾರ ಎನ್ನಬೇಡಿ

ಗ್ರೀಕ್ ಮಹಾಕಾವ್ಯಗಳ ಹೆಣ್ಣುಗಳ ಬಗ್ಗೆ ನಮ್ಮ ವಿಚಾರ ಸಂಕಿರಣಗಳಲ್ಲಿ ಈಗ ಒಂದೇ ರಾಗ. ಪೆನೆಲೊಪಿ ಸಬಲೆ, ಅರೀಟಿ ಸಬಲೆ, ಹೋಮರ್ ಹೆಣ್ಣಿಗೆ ಅಧಿಕಾರ ಕೊಟ್ಟ ಕವಿ. ದ್ರೌಪದಿಯನ್ನೂ ಇದೇ ಪಟ್ಟಿಗೆ ಸೇರಿಸಿ, ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತೇವೆ. ಸಂಶೋಧನಾ ವಿದ್ಯಾರ್ಥಿಯಾಗಿ ಇಂಥ ಪ್ರಬಂಧಗಳನ್ನು ಸಾಕಷ್ಟು ಕೇಳಿದ್ದೇನೆ. ಇದು ಹೊಗಳಿಕೆಯ ವೇಷದ ಕಣ್ಕಟ್ಟು.

'ಒಡಿಸ್ಸಿ'ಯನ್ನೇ ತೆರೆಯಿರಿ. ಗಂಡನಿಲ್ಲದ 20 ವರ್ಷ ಪೆನೆಲೊಪಿ ಮನೆ ಕಾಯುತ್ತಾಳೆ. ಆದರೆ ಗಾಯಕನಿಗೆ ಬೇರೆ ಹಾಡು ಹಾಡೆಂದು ಅವಳು ಕೇಳಿದಾಗ, ಮಾತು ಗಂಡಸರ ಕೆಲಸ, ನೀನು ಮಗ್ಗದ ಹತ್ತಿರ ಹೋಗು ಎನ್ನುತ್ತಾನೆ ಮಗ ಟೆಲಿಮಾಕಸ್. ಅವಳು ಹೋಗುತ್ತಾಳೆ. 21ನೇ ಸರ್ಗದಲ್ಲಿ, ಬಿಲ್ಲಿನ ವಿಷಯದಲ್ಲೂ ಅದೇ ಅಪ್ಪಣೆ. ಗಂಡಸರ ಜಗಳವನ್ನೂ ತೀರ್ಮಾನಿಸುವವಳೆಂದು ಹೆಸರಾದ ರಾಣಿ ಅರೀಟಿ ಅತಿಥಿಯ ಉಡುಗೊರೆಯ ಮಾತೆತ್ತಿದರೆ, ಕೊನೆಯ ಮಾತು ನನ್ನದು ಎನ್ನುತ್ತಾನೆ ರಾಜ. ಇನ್ನು 12 ದಾಸಿಯರನ್ನು ನೇಣಿಗೇರಿಸುವಾಗ ಅವರ ಒಡತಿ ಪೆನೆಲೊಪಿ ನಿದ್ದೆಯಲ್ಲಿದ್ದಳು. ಅವಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಹಾಗಾದರೆ ಅವಳ ಜಾಣತನ? ಹಗಲು ನೇಯ್ದದ್ದನ್ನು ರಾತ್ರಿ ಬಿಚ್ಚಿದ್ದು? ಜಾಣತನ ನಿಜ. ಆದರೆ 'ಆಗದು' ಎಂದು ನೇರವಾಗಿ ಹೇಳುವ ಹಕ್ಕಿದ್ದವಳಿಗೆ ಅಷ್ಟು ನೂಲಿನ ಕಷ್ಟ ಬೇಕಿರಲಿಲ್ಲ.

ದ್ರೌಪದಿ ಸಭೆಯಲ್ಲಿ ಕೇಳಿದ್ದೂ ಹಕ್ಕಿನ ಪ್ರಶ್ನೆಯನ್ನೇ. ತನ್ನನ್ನು ತಾನು ಸೋತವನಿಗೆ ನನ್ನನ್ನು ಒಡ್ಡುವ ಹಕ್ಕು ಎಲ್ಲಿಂದ ಬಂತು? ವಿಕರ್ಣ ಅವಳ ಪರ ನಿಂತ. ಹಿರಿಯರು ಧರ್ಮ ಸೂಕ್ಷ್ಮವೆಂದು ನುಣುಚಿಕೊಂಡರು. ನಾವು ಅವಳ ಧೈರ್ಯವನ್ನು ಹೊಗಳುತ್ತಾ ಅವಳಿಗೆ ಉತ್ತರ ಸಿಗಲಿಲ್ಲ ಎಂಬುದನ್ನು ಮರೆಸುತ್ತೇವೆ.

ಗ್ರೀಕ್ ನಮಗೆ ದೂರದ್ದೇನಲ್ಲ. 'ಅಶ್ವತ್ಥಾಮನ್', 'ಪಾರಸಿಕರು' ಮೂಲಕ ಗ್ರೀಕ್ ರುದ್ರನಾಟಕವನ್ನು ಕನ್ನಡಕ್ಕೆ ತಂದ ಬಿ.ಎಂ.ಶ್ರೀ. 1884ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಪೆನೆಲೊಪಿಯೂ ಇಲ್ಲಿಯೇ ಇದ್ದಾಳೆ. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆ ಗಂಡ ಬೆಂಗಳೂರು ಸೇರಿದ ಎಷ್ಟೋ ಮನೆಗಳಲ್ಲಿ ತೋಟಕ್ಕೆ ನೀರು ಬಿಡಿಸುವವಳು, ಆಳು ಕರೆಯುವವಳು, ಅಟ್ಟದ ಮೇಲೆ ಕಾಯಿ ಕೊಬ್ಬರಿಯಾಗುವವರೆಗೆ ಕಾಯುವವಳು ಅವಳೇ. ಹರಾಜಿನ ದುಡ್ಡು ಎಣಿಸುವ ಕೈ ಮಾತ್ರ ಬೇರೆ. 'ಮನೆಯೆಲ್ಲಾ ಅವಳದೇ ಯಜಮಾನಿಕೆ' ಎಂದು ನೆಂಟರು ಹೊಗಳುತ್ತಾರೆ. ಥೇಟ್ ನಮ್ಮ ಸಂಕಿರಣದ ಧಾಟಿ.

ಕರ್ನಾಟಕ 1994ರಲ್ಲೇ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಕಾನೂನು ಬಂದ ಮೇಲೆ ಬಂದದ್ದು ಹಕ್ಕು ಖುಲಾಸೆ ಪತ್ರದ ಸಾಲು. ಗೌರಿ ಹಬ್ಬಕ್ಕೆ ಬಾಗಿನ ತಪ್ಪೀತು, ತವರಿನ ಬಾಗಿಲು ಮುಚ್ಚೀತು ಎಂಬ ಅಂಜಿಕೆಯಲ್ಲಿ ಅಕ್ಕತಂಗಿಯರು ಸಹಿ ಹಾಕುತ್ತಾರೆ. ಅದಕ್ಕೆ ನಾವಿಟ್ಟ ಹೆಸರು ತ್ಯಾಗ.

ಕಾವ್ಯ ಓದುವವರ ಕೆಲಸ ಹೆಣ್ಣಿಗೆ ಬಿರುದು ಹಂಚುವುದಲ್ಲ. ಹೊಣೆ ಯಾರದು, ತೀರ್ಮಾನ ಯಾರದು ಎಂದು ಬೇರೆಬೇರೆಯಾಗಿ ತೋರಿಸುವುದು. ಮುಂದಿನ ಸಲ ಪೆನೆಲೊಪಿ ಸಬಲೆ ಎಂದು ಯಾರಾದರೂ ಅಂದರೆ, ಇಥಾಕಾದ ಪಹಣಿ ಯಾರ ಹೆಸರಿನಲ್ಲಿತ್ತು ಎಂದು ಕೇಳಿ. ಮತ್ತೆ ಮನೆಗೆ ಹೋಗಿ, ಅಕ್ಕನ ಸಹಿ ಕೇಳುವ ಮೊದಲು, ತೋಟದಲ್ಲಿ ಅವಳ ಪಾಲಿನ ತೆಂಗಿನ ಮರ ಎಷ್ಟು ಎಂದು ಎಣಿಸಿ ಅವಳಿಗೇ ಹೇಳಿ.