ಹೊಳೆ ಹೊತ್ತೊಯ್ಯುವ ಮಣ್ಣು

ಆಷಾಢದಲ್ಲಿ ಹೊನ್ನಾಳಿಯ ಸೇತುವೆಯ ಮೇಲೆ ನಿಂತು ನೋಡಿದವರಿಗೆ ತುಂಗಭದ್ರೆಯು ಕೆಂಪಗೆ ಹರಿಯುವುದು ಹೊಸ ಸಂಗತಿಯೇನಲ್ಲ. ಹೊಸ ನೀರು ಬಂದಿತೆಂದು ಜನರು ಹಿಗ್ಗುತ್ತಾರೆ, ಹಿಗ್ಗತಕ್ಕದ್ದೇ ಸರಿ. ಆದರೆ ಆ ಕೆಂಪು ನೀರಿನದಲ್ಲ, ಮಣ್ಣಿನದು. ಅದರಲ್ಲೊಂದು ಪಾಲು ನ್ಯಾಮತಿ ಸೀಮೆಯ ಹೊಲಗಳಿಂದ ಹಳ್ಳಗಳ ದಾರಿಯಾಗಿ ಇಳಿದುದು. ಹೊಳೆಯು ಮಣ್ಣನ್ನು ಹೇಗೆ ಕೀಳುತ್ತದೆ, ಎಲ್ಲಿ ಇಳಿಸುತ್ತದೆ ಎಂಬುದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ದಡದಲ್ಲಿ ಹೊಲವುಳ್ಳವರಿಗೆ ಇದು ಬರಿಯ ಕುತೂಹಲದ ಮಾತಲ್ಲ.

ಹೊಳೆಯ ಬಲವೆಲ್ಲ ಅದರ ವೇಗದಲ್ಲಿದೆ. ವೇಗವು ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕವು 64 ಪಟ್ಟಾಗುವುದೆಂದು ಶಾಸ್ತ್ರಜ್ಞರ ಗಣನೆಯುಂಟು. ಆದುದರಿಂದಲೇ ಬೇಸಗೆಯಲ್ಲಿ ತಿಳಿಯಾಗಿ ಹರಿಯುವ ಹೊಳೆಯು ವರ್ಷದ ಹೆಚ್ಚಿನ ಕೆಲಸವನ್ನು ಮಹಾಪೂರದ ಕೆಲವೇ ದಿನಗಳಲ್ಲಿ ಮಾಡಿ ಮುಗಿಸುತ್ತದೆ. ಗುಂಡುಕಲ್ಲು ತಳದಲ್ಲಿ ಉರುಳುತ್ತದೆ, ಮರಳು ನೆಗೆನೆಗೆದು ಸಾಗುತ್ತದೆ, ನುಣ್ಣನೆಯ ಜೇಡಿಯು ನೀರಿನಲ್ಲಿ ಬೆರೆತೇ ಹೋಗುತ್ತದೆ. ಬಗ್ಗಡದ ನೀರನ್ನು ಕೊಡದಲ್ಲಿ ತುಂಬಿಟ್ಟ ಗೃಹಿಣಿಯರು ಇದನ್ನು ಬಲ್ಲರು: ಮರಳು ಕ್ಷಣದಲ್ಲಿ ತಳ ಸೇರುತ್ತದೆ, ಜೇಡಿಯು ಬೆಳಗಾದರೂ ಇಳಿಯದೆ ಪಟಿಕವನ್ನು ಬೇಡುತ್ತದೆ.

ಹೊಳೆ ತಿರುಗುವೆಡೆಯಲ್ಲಿ ಹೊರಮಗ್ಗುಲ ದಡವು ಕೊರೆದುಹೋಗಿ, ಒಳಮಗ್ಗುಲಲ್ಲಿ ಮರಳು ದಿಣ್ಣೆಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಇದೇಕೆಂಬುದನ್ನು 1926ರಲ್ಲಿ ಐನ್‌ಸ್ಟೈನ್ ಮಹಾಶಯನು ಚಹದ ಬಟ್ಟಲಿನಿಂದ ವಿವರಿಸಿದನು. ಸೋಸದ ಚಹವನ್ನು ಚಮಚೆಯಿಂದ ತಿರುವಿದರೆ ಚರಟವು ಅಂಚಿಗೆ ಹೋಗದೆ ನಡುವೆ ಗುಡ್ಡೆಯಾಗುತ್ತದೆ. ಮೇಲಣ ನೀರು ವೇಗದಿಂದ ಹೊರಕ್ಕೆ ಒತ್ತುತ್ತದೆ. ತಳದ ನೀರು ಬಟ್ಟಲಿಗೆ ತಿಕ್ಕಿ ನಿಧಾನವಾಗಿ, ಚರಟವನ್ನೂ ಎಳೆದುಕೊಂಡು ಒಳಕ್ಕೆ ಸರಿಯುತ್ತದೆ. ಹೊಳೆಯ ತಿರುವಿನಲ್ಲಿ ನಡೆಯುವುದೂ ಇದೇ. (ಮನೆಯಲ್ಲಿ ಮಾಡಿ ನೋಡಬಹುದು; ಮಕ್ಕಳಿಗೆ ಬಹಳ ಹಿಡಿಸುತ್ತದೆ.)

ಹೊಳೆ ಏರುವಾಗಲೇ ದಡವು ಕುಸಿಯುವುದೆಂದು ತಿಳಿದವರು ಬಹಳ. ಏರಿದ ನೀರು ದಡವನ್ನು ಕೊರೆಯುವುದೂ ಹೌದು, ಅದಕ್ಕೆ ಒತ್ತಾಸೆಯಾಗಿ ನಿಲ್ಲುವುದೂ ಹೌದು. ಪೂರವು ಬೇಗ ಇಳಿದಾಗ ಆ ಒತ್ತಾಸೆ ತಪ್ಪುತ್ತದೆ. ನೀರು ಕುಡಿದ ಮಣ್ಣು ತನ್ನ ಭಾರಕ್ಕೆ ತಾನೇ ಹೆಂಟೆಹೆಂಟೆಯಾಗಿ ಕಳಚಿ ಬೀಳುತ್ತದೆ. ಆದುದರಿಂದ ನೀರಿಳಿದ ಮೇಲೆ ಕೆಲವು ದಿನ, ಬಿರುಕು ಬಿಟ್ಟ ದಡದ ಮೇಲೆ ದನ ಕಟ್ಟುವುದಾಗಲಿ ಅದರ ಕೆಳಗೆ ಬಟ್ಟೆ ಒಗೆಯುವುದಾಗಲಿ ಸಲ್ಲದು.

ಇದು ಹೊಳೆಯ ಸ್ವಭಾವ. ಮನುಷ್ಯನು ಸೇರಿಸುವ ಕೇಡು ಬೇರೆ. ಪಾತ್ರದ ಮರಳನ್ನು ಮಿತಿಮೀರಿ ತೆಗೆದರೆ ಹೊಳೆಯು ಆ ಗುಂಡಿಯನ್ನು ತುಂಬಿಕೊಳ್ಳಲು ಮೇಲಿನಿಂದಲೂ ಬದಿಯಿಂದಲೂ ಮಣ್ಣನ್ನೆಳೆಯುತ್ತದೆ. ದಡದ ಬುಡವು ಟೊಳ್ಳಾಗುತ್ತದೆ. ಮರಳಿನ ಹಣ ಒಬ್ಬರಿಗೆ, ಹೊಲದ ನಷ್ಟ ಇನ್ನೊಬ್ಬರಿಗೆ. ಇದನ್ನು ನ್ಯಾಯವೆನ್ನಲು ನಮಗೆ ಮನಸ್ಸೊಪ್ಪದು. ಕಲ್ಲಿನ ಗೋಡೆ ಕಟ್ಟಿಸಿದವರ ದಡ ಉಳಿಯಬಹುದು, ಆದರೆ ನೀರಿನ ಹೊಡೆತವು ಎಷ್ಟೋ ವೇಳೆ ಕೆಳಗಣ ನೆರೆಯವನ ಮೇಲೆ ಬೀಳುತ್ತದೆ. ಹೊಳೆಮತ್ತಿ, ಬಿದಿರು, ಲಾವಂಚಗಳ ಬೇರು ಮಣ್ಣನ್ನು ಹಿಡಿದಿಡುತ್ತದೆ, ನೆರೆಯವನಿಗೆ ಕೇಡು ಮಾಡುವುದಿಲ್ಲ.

ಹೋದ ಮಣ್ಣು ಎಲ್ಲಿಗೆ ಹೋಯಿತು? ಭದ್ರೆಯ ಹೂಳು ಬಹುಮಟ್ಟಿಗೆ ಲಕ್ಕವಳ್ಳಿಯ ಕಟ್ಟೆಯಲ್ಲಿಯೇ ನಿಲ್ಲುತ್ತದೆ. ಕೂಡಲಿಯಿಂದೀಚೆಗೆ ತುಂಗಭದ್ರೆಯು ಹೊರುವುದರಲ್ಲಿ ತುಂಗೆಯ ಮಣ್ಣೂ ನಮ್ಮ ಹಳ್ಳಗಳ ಮಣ್ಣೂ ಸೇರಿವೆ. ಅದು ಹರಿಹರವನ್ನು ದಾಟಿ ಹೊಸಪೇಟೆಯ ಜಲಾಶಯವನ್ನು ಮುಟ್ಟಿ, ನಿಂತ ನೀರಿನಲ್ಲಿ ತಳ ಸೇರುತ್ತದೆ. 1953ರಲ್ಲಿ ಆ ಜಲಾಶಯವು ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು; ಈಗ ಹಿಡಿಯುವುದು ಸುಮಾರು 105. ಐದರಲ್ಲೊಂದು ಪಾಲಿನ ಜಾಗವನ್ನು ಹೂಳು ನುಂಗಿದೆ. ಕೊಪ್ಪಳ, ರಾಯಚೂರುಗಳ ಗದ್ದೆಗಳಿಗೆ ಕಾಲುವೆ ಹೊರಡುವುದು ಆ ಜಲಾಶಯದಿಂದಲೇ.