ಬೇಡ ಅನ್ನುವ ಪಾಠ

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯನ್ನು ಮೊದಲು ಆಡಿದವರು ಯಾರೋ ತಿಳಿಯದು. ಅದನ್ನು ಇಂದಿಗೂ ಜೀವಂತವಾಗಿ ಇಟ್ಟುಕೊಂಡು ಬಂದವರಲ್ಲಿ ನಾವು ತಾಯಂದಿರೂ ಇದ್ದೇವೆ. ಈ ಮಾತಿಗೆ ಯಾರಿಗಾದರೂ ಸಿಟ್ಟು ಬಂದರೆ ಬರಲಿ.

ಕಾನೂನೇನೋ ತನ್ನ ಕೆಲಸ ಮಾಡಿದೆ. ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಹಿಂದೂ ಅವಿಭಕ್ತ ಕುಟುಂಬದ ಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಬಂತು. ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿದ್ದರು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆ ಹೊತ್ತಿಗೆ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕಿಗೆ ಚ್ಯುತಿಯಿಲ್ಲ, ಅದು ಹುಟ್ಟಿನಿಂದ ಬಂದದ್ದು ಎಂದು 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಇಷ್ಟಾದರೂ ಅಪ್ಪನ ವರ್ಷದ ತಿಥಿ ಬರುವ ಮೊದಲೇ ಅಕ್ಕತಂಗಿಯರು ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಸಾಲಾಗಿ ಕೂತು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬರುತ್ತಾರೆ. ಎಂ.ಎ. ಓದಿದವರು, ಬ್ಯಾಂಕಿನಲ್ಲಿ ಕೂತು ಪರರ ದುಡ್ಡನ್ನು ಪೈಸೆ ಬಿಡದೆ ಲೆಕ್ಕ ಹಾಕುವವರು! ಕೈಗೆ ಒಂದು ರೇಷ್ಮೆ ಸೀರೆ, ಹೋಟೆಲಿನಲ್ಲಿ ಊಟ.

ಕೇಳಿದರೆ, “ಅಣ್ಣನ ನಿಷ್ಠುರ ಯಾಕೆ? ಗೌರಿ ಹಬ್ಬಕ್ಕೆ ಬಾಗಿನ ಬಂದರೆ ಸಾಕು” ಅನ್ನುತ್ತಾರೆ. ತವರಿನ ಬಾಗಿಲು ತೆರೆದಿರಲಿ ಎಂದು ಅಣ್ಣ ಏನನ್ನೂ ಬರೆದುಕೊಡಬೇಕಿಲ್ಲ. ತಂಗಿಗೆ ಮಾತ್ರ ಯಾಕೆ ಆ ಬಾಗಿಲಿಗೆ ಇಷ್ಟು ದುಬಾರಿ ಬೆಲೆ?

ಈ ಸಹಿಯ ಅಭ್ಯಾಸ ನಡೆಯುವುದು ಅಡುಗೆಮನೆಯಲ್ಲಿ. ಮೊದಲ ಬಿಸಿ ದೋಸೆ ಮಗನಿಗೆ. ಊಟದ ನಡುವೆ ನೀರು ಬೇಕೆಂದರೆ ಏಳುವವಳು ಮಗಳು. ಡಬ್ಬಿಯಲ್ಲಿ ಒಂದೇ ಹೋಳಿಗೆ ಉಳಿದಿದ್ದರೆ, “ಅವನು ತಿನ್ನಲಿ ಬಿಡು, ನೀನು ಜಾಣೆ.” ಹತ್ತು ವರ್ಷಕ್ಕೇ ಹುಡುಗಿ ಹಸಿವಿಗಿಂತ ಮುಂಚೆ ‘ನಂಗೆ ಬೇಡಮ್ಮ’ ಅನ್ನಲು ಕಲಿಯುತ್ತಾಳೆ. ನಾವು ಬಂದವರ ಎದುರು ಹೆಮ್ಮೆಯಿಂದ ಹೇಳುತ್ತೇವೆ: “ನಮ್ಮ ಹುಡುಗಿಗೆ ಯಾವುದಕ್ಕೂ ಆಸೆಯೇ ಇಲ್ಲ ನೋಡಿ.” ಪಕ್ಕದಲ್ಲಿ ಹೋಳಿಗೆ ತಿನ್ನುತ್ತಿರುವ ಹುಡುಗ ಇದನ್ನೂ ಕೇಳಿಸಿಕೊಳ್ಳುತ್ತಾನೆ. ಮುಂದೆ ಆ ಪತ್ರವನ್ನು ತಂಗಿಯ ಮುಂದಿಡುವಾಗ ಅವನಿಗೆ ಸಂಕೋಚವಾಗಲಿ ಎಂದರೆ ಎಲ್ಲಿಂದ ಬರಬೇಕು?

“ಮದುವೆಗೆ ಸಾಲ ಮಾಡಿ ಖರ್ಚು ಮಾಡಿಲ್ಲವೇ?” ಎಂದು ಕೇಳುವವರುಂಟು. ಆ ದುಡ್ಡು ಛತ್ರಕ್ಕೆ, ಅಡುಗೆಯವರಿಗೆ, ಬೀಗರ ಉಪಚಾರಕ್ಕೆ ಹೋಯಿತು. ಮಗಳ ಹೆಸರಿನಲ್ಲಿ ಉಳಿದದ್ದೆಷ್ಟು? (ಮಗಳಿಗೆ ಪಾಲು ಬೇಡವೆನ್ನುವ ಅತ್ತೆಯೇ ಸೊಸೆಯ ತವರಿನ ಸೈಟಿನ ಬಗ್ಗೆ ವಿಚಾರಿಸುವುದನ್ನೂ ನಾನು ಕಂಡಿದ್ದೇನೆ.) ಕಷ್ಟದಲ್ಲಿರುವ ತಮ್ಮನಿಗೆ ತಿಳಿದೂ ತಿಳಿದು ತನ್ನ ಪಾಲು ಬಿಟ್ಟುಕೊಟ್ಟರೆ ಅದು ಔದಾರ್ಯ, ಅದರ ಬಗ್ಗೆ ನನ್ನ ತಕರಾರಿಲ್ಲ. ಎಷ್ಟು ಎಕರೆ, ಎಷ್ಟು ಬೆಲೆ ಎಂದೂ ಕೇಳದೆ ಕೊಡುವುದನ್ನು ಔದಾರ್ಯವೆನ್ನಲು ನನಗೆ ಮನಸ್ಸಿಲ್ಲ.

ನನ್ನ ಪರಿಚಯದ ಶಿಕ್ಷಕಿಯೊಬ್ಬರು, “ಕಾಗದ ಮನೆಗೆ ಕೊಡಿ, ಓದಿ ಹೇಳುತ್ತೇನೆ” ಅಂದರು. ಅಷ್ಟೇ ಅಂದದ್ದು. ಎರಡು ವರ್ಷ ಬಾಗಿನ ಬರಲಿಲ್ಲ. ಅವರೇ ಪೇಟೆಯಿಂದ ಮೊರ ಕೊಂಡು ತಂದು ಗೌರಿಯನ್ನು ಕೂರಿಸಿದರು. ಯಾಕೆಂದು ಕೇಳಿದ ಮಗಳಿಗೆ ವಿಷಯವನ್ನೆಲ್ಲ ಮುಚ್ಚಿಡದೆ ಹೇಳಿದರು. ಮೂರನೆಯ ವರ್ಷ ಅಣ್ಣ ಬಂದರು. ಪಾಲಿನ ಮಾತು ಇನ್ನೂ ನಡೆಯುತ್ತಿದೆ.